ನಾಲ್ಕನೆಯ ಹನಿ

"ಕೈ ತೆಗಿ!"

ಹೇಳಿ ಸುಮ್ಮನಾಗಲಿಲ್ಲ ಸಾಂಗ್ಯೆ. ಕೈಯಲ್ಲಿದ್ದ ಮರದ ಸೌಟಿನಿಂದ ಅವನ ಮಣಿಕಟ್ಟಿಗೆ ಒಂದು ಕೊಟ್ಟಳು.

ಜಾಡಿಯೊಳಗೆ ಬೆರಳು ಇಳಿಸುತ್ತಿದ್ದವನು ಬೆಚ್ಚಿ ಹಿಂದೆ ಸರಿದ.

"ಹೊಡೆದ್ಯಾ? ನನ್ನ?"

"ಹೊಡೀದೆ ಮುದ್ದು ಮಾಡ್ಲಾ? ಮೂರು ವರ್ಷದಿಂದ ಮುಚ್ಚಿಟ್ಟಿರೋ ಹುಳಿ ಅದು. ನಿನ್ನ ಉಗುರಿನ ಕೊಳೆ ಬಿದ್ರೆ ಇಡೀ ಜಾಡಿ ಹಾಳು. ಯಾವ ಲಾಯದೋನು ನೀನು?"

"ಲಾಯದೋನಲ್ಲ. ಈ ಮನೆಯೋನು."

"ಈ ಮನೇಲಿ ಇನ್ನೂರು ಜನ ಇದ್ದಾರೆ. ಎಲ್ಲಾರೂ ಈ ಮನೆಯೋರೇ."

"ನನ್ನ ಆರನೆಯೋನು ಅಂತಾರೆ."

ಸೌಟು ಕೆಳಗೆ ಬಿತ್ತು. ಅವಳ ಮೊಣಕಾಲುಗಳೂ ನೆಲಕ್ಕೆ ಬಿದ್ದವು. ಸಾಮ್ರಾಟನ ಆರನೆಯ ಮಗ! ಈ ಮನೆಯ ಯಜಮಾನ! 'ಮುಗೀತು... ಕೈ ಕಡೀತಾರೆ. ಬಲಗೈಯೋ ಎಡಗೈಯೋ ಅನ್ನೋದಷ್ಟೇ ಬಾಕಿ.'

ಅವನು ಕೆಂಪಾಗಿದ್ದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ ಜಾಡಿಯ ಕಡೆಗೇ ನೋಡುತ್ತಿದ್ದ.

"ಇನ್ನೆಷ್ಟು ದಿನ ಮುಚ್ಚಿಡ್ಬೇಕು ಇದನ್ನ?"

"ಇ... ಇನ್ನೊಂದು ವರ್ಷ, ಪ್ರಭೂ. ಜೋಳದ ಹುಳಿ ನಾಲ್ಕು ವರ್ಷ ತುಂಬಿದ್ರೇನೇ ಹುಳಿ. ಅಲ್ಲೀವರೆಗೂ ಬರೀ ಸಿಟ್ಟು."

ಅವನು ನಕ್ಕ. ಸದ್ದಿಲ್ಲದ, ಅಭ್ಯಾಸ ತಪ್ಪಿದ ನಗು. ಆ ಮನೆಯಲ್ಲಿ ಅವನನ್ನು ನಗಿಸುವ ಕೆಲಸ ಯಾರಿಗೂ ಇರಲಿಲ್ಲ.

ಆರನೆಯ ರಾಜಕುಮಾರನ ಮೇಲೆ ಯಾರಿಗೂ ಆಸೆ ಇರಲಿಲ್ಲ, ಹಾಗಾಗಿ ಅವನನ್ನು ಕಂಡರೆ ಯಾರಿಗೂ ಭಯವೂ ಇರಲಿಲ್ಲ. ಮೇಲೆ ಐದು ಜನ ಅಣ್ಣಂದಿರಿದ್ದರು. ರಾಜಧಾನಿಯ ಪಶ್ಚಿಮ ಮೂಲೆಯಲ್ಲಿ ತೇವ ಹಿಡಿದ ಒಂದು ಮನೆಯನ್ನು ಕೊಟ್ಟು ತಂದೆ ಅವನನ್ನು ಮರೆತುಬಿಟ್ಟಿದ್ದ. ಸಾಂಗ್ಯೆ ಆ ಮನೆಯ ಹಿತ್ತಿಲಲ್ಲಿ ಹುಳಿ ಕಾಯುವವಳು. ಜೋಳ ಹುದುಗಿಸಿ ಜಾಡಿಯಲ್ಲಿ ಮಾಗಿಸುವ, ಅಡುಗೆಗೆ ಹಾಕುವ ಹುಳಿನೀರು ಅದು. ಅವಳಪ್ಪ ಊರಲ್ಲಿ ಹೆಸರಾದ ಹುಳಿಗಾರ. ಅವನು ಸತ್ತ ಮೇಲೆ ಜಾಡಿಗಳ ಜೊತೆ ಮಗಳನ್ನೂ ಇಲ್ಲಿಗೆ ಸಾಗಿಸಿದ್ದರು.

ಮರುದಿನ ಅವನು ಮತ್ತೆ ಬಂದ. ಅದರ ಮರುದಿನವೂ ಬಂದ. ಬಿಸಿಲಿಗೆ ಜಾಡಿ ತಿರುಗಿಸಲು ಅವಳಿಗೆ ಕೈಜೋಡಿಸಿದ. ಅವಳು ಸುಮ್ಮನೆ ಬಿಡಲಿಲ್ಲ.

"ಕೈ ತೊಳ್ಕೊಂಡು ಮುಟ್ಟಿ."

"ತೊಳ್ದಿದೀನಿ."

"ತೋರಿಸಿ."

ರಾಜನ ಮಗ ಎರಡೂ ಅಂಗೈ ಚಾಚಿ ತೋರಿಸಿದ.

ಒಂದು ದಿನ ಅವನು ಕೇಳಿದ, "ನಿನ್ನ ಹೆಸರು ಬರಿ ನೋಡೋಣ."

"ಬರಲ್ಲ."

"ನಿನ್ನ ಹೆಸರೇ ಬರಲ್ವಾ?"

"ಹೆಸರು ಇರೋದು ಕರೆಯೋಕೆ. ಬರೆದಿಟ್ಟು ಏನ್ಮಾಡ್ಲಿ?"

"ಹಾಗಾದ್ರೆ ನಂದು ಕಲಿ. ನನ್ನ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ. ಬರೆಯೋರಾದ್ರೂ ಒಬ್ಬರಿರಲಿ."

ಅವನು ಹುಳಿಯಲ್ಲಿ ಬೆರಳದ್ದಿ ಕಲ್ಲುಚಪ್ಪಡಿಯ ಮೇಲೆ ಬರೆದ. ಎಡಗಡೆ ಮೇಲಿಂದ ಕೆಳಕ್ಕೆ ಮೂರು ಹನಿ. ಬಲಗಡೆ ಬಗ್ಗಿದ ಒಂದು ಬಿಲ್ಲು. ಅದರ ಪಕ್ಕ ಒಂದು ಸಣ್ಣ ಮೂಲೆ. ಒಂದೇ ಅಕ್ಷರ. ಆಳವಾದ ತಿಳಿನೀರು ಅಂತ ಅರ್ಥ.

ಸಾಂಗ್ಯೆ ನಾಲಿಗೆ ಕಚ್ಚಿಕೊಂಡು ಬರೆದಳು. ಅವನು ಬಗ್ಗಿ ನೋಡಿ ಹುಬ್ಬೇರಿಸಿದ.

"ಮೂರೇ ಹನಿ. ನೀನು ನಾಲ್ಕು ಹಾಕಿದೀಯ."

"ನಾಲ್ಕೇ ಸರಿ."

"ನನ್ನ ಹೆಸರಿಗೆ ಎಷ್ಟು ಹನಿ ಅಂತ ನಂಗೇ ಹೇಳ್ತೀಯಾ?"

"ಅಪ್ಪ ಜಾಡಿಗಳಿಗೆ ವರ್ಷಕ್ಕೊಂದು ಹನಿ ಗುರುತು ಹಾಕ್ತಿದ್ದ. ನಾಲ್ಕು ಹನಿ ಆದ್ಮೇಲೇನೇ ಮುಚ್ಚಳ ತೆಗೀತಿದ್ದ. ಮೂರು ಹನಿ ಅಂದ್ರೆ ಇನ್ನೂ ಆಗಿಲ್ಲದ್ದು. ನಿಮ್ಮನ್ನ ಆಗಿಲ್ಲದ್ದು ಅಂತ ಬರೀಲಾ?"

ಕಲ್ಲಿನ ಮೇಲೆ ಹುಳಿ ಆರುತ್ತಿತ್ತು.

"ನೀನು ನಾಲ್ಕೇ ಹಾಕು," ಅಂದ. "ಆದ್ರೆ ಬೇರೆ ಯಾರಿಗೂ ಹಾಗೆ ಬರೆಯೋಕೆ ಬಿಡಬೇಡ."

"ಆಯ್ತು, ಹುಳಿರಾಯ."

ಮಾತು ಬಾಯಿ ಜಾರಿತ್ತು. ಅವನು ಈ ಸಲ ಸದ್ದು ಮಾಡಿಯೇ ನಕ್ಕ.

ಆ ಚಳಿಗಾಲದಲ್ಲಿ ಸಾಂಗ್ಯೆ ಅವನ ಕಿರಿಯ ಹೆಂಡತಿಯಾದಳು. ವಾದ್ಯವಿಲ್ಲ, ಮೇನೆಯಿಲ್ಲ. ಹಿತ್ತಿಲಿನಿಂದ ಒಳಮನೆಗೆ ಇಪ್ಪತ್ತು ಹೆಜ್ಜೆ ನಡೆದುಹೋದಳು, ಅಷ್ಟೇ. ಅವಳ ಬದುಕಿನಲ್ಲಿ ಸುಖ ಎನ್ನಬಹುದಾದದ್ದು ಆಮೇಲಿನ ಎರಡು ವರ್ಷ.

ಮೂರನೆಯ ವರ್ಷ ಅವನ ತಂದೆ ತೀರಿಕೊಂಡ. ಅಣ್ಣಂದಿರೂ ಒಬ್ಬೊಬ್ಬರಾಗಿ ಹೋದರು. ಒಬ್ಬ ಸಿಡುಬಿಗೆ, ಒಬ್ಬ ಗಡಿಯಲ್ಲಿ. ಉಳಿದ ಮೂವರು ಒಬ್ಬರನ್ನೊಬ್ಬರು ಮುಗಿಸಿಕೊಂಡರು. ಎಂಭತ್ತು ಸಾವಿರ ಸೈನಿಕರನ್ನು ಇಟ್ಟುಕೊಂಡಿದ್ದ ಪೆಯ್ ಮನೆತನದ ಸೇನಾಪತಿ, ಯಾರಿಗೂ ಬೇಡವಾಗಿದ್ದ ಆರನೆಯವನನ್ನು ತಂದು ಸಿಂಹಾಸನದ ಮೇಲೆ ಕೂರಿಸಿದ. ಜೊತೆಗೆ ತನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿದ.

ಸಾಮ್ರಾಟನಾದ ದಿನವೇ ಅವನ ಹೆಸರು ಊರಿನ ಬಾಯಿಂದ ಹೋಯಿತು. ನಮ್ಮಲ್ಲಿ ಪದ್ಧತಿಯೇ ಹಾಗೆ. ಆಳುವವನ ಹೆಸರನ್ನು ಹೇಳುವ ಹಾಗಿಲ್ಲ. ಬರೆಯಲೇಬೇಕಾಗಿ ಬಂದರೆ ಕೊನೆಯ ಗೀಟು ಬಿಟ್ಟು ಬರೆಯಬೇಕು. ಪೂರ್ತಿ ಬರೆದರೆ ತಲೆ ಹೋಗುತ್ತದೆ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ.

ಆ ಸದ್ದು ಬರುವ ಬೇರೆ ಹೆಸರುಗಳೂ ಬದಲಾದವು. ಸಾಂಗ್ಯೆಯ ಸೇವಕಿಗೆ ಅಪ್ಪ ಇಟ್ಟ ಹೆಸರಿನ ಸದ್ದು ಅದೇ. ಅರಮನೆಯ ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿ, ಸಣಕಲಿ ಎಂದು ಕಂಡು 'ದೌಯಾ' ಎಂದು ಬರೆದುಕೊಂಡ. ಅಂದರೆ ಹೆಸರುಕಾಳಿನ ಮೊಳಕೆ.

"ನೋಡಿ ಅಮ್ಮಾವ್ರೇ, ನನ್ನ ಗತಿ!" ದೌಯಾ ಗೊಣಗಿದಳು. "ಹೆಸರು ಹೋಯ್ತು, ಹೆಸರುಕಾಳು ಬಂತು."

ಸಾಂಗ್ಯೆ ನಕ್ಕಳು. ಅರಮನೆಗೆ ಬಂದ ಮೇಲೆ ಅವಳು ಮನಸಾರೆ ನಕ್ಕಿದ್ದು ಅದೊಂದೇ ಸಲ.

ಮೊದಲ ತಿಂಗಳು ಅವನು ಅವಳ ಮನೆಗೆ ಹತ್ತು ದಿನ ಬಂದ. ಎರಡನೆಯ ತಿಂಗಳು ಮೂರು ದಿನ. ಆಮೇಲೆ ಒಂದು ಬುಟ್ಟಿ ಕೆಂಪು ಸೀಬೆಹಣ್ಣು ಬಂತು, ಅವನು ಬರಲಿಲ್ಲ. ಅವನು ರಾತ್ರಿ ಉಳಿಯುವ ಮನೆಯ ಮುಂದೆ ದೀಪ ಹಚ್ಚುತ್ತಿದ್ದರು. ರಾಣಿ ಪೆಯ್‌ಳ ಮನೆಯ ಮುಂದೆ ದೀಪ ಉರಿಯದ ದಿನವಿರಲಿಲ್ಲ.

ನಮ್ಮಲ್ಲಿ ಗಂಡನ ಇನ್ನೊಬ್ಬ ಹೆಂಡತಿಯನ್ನು ಕಂಡು ಹೊಟ್ಟೆ ಉರಿದುಕೊಳ್ಳುವವಳಿಗೆ 'ಹುಳಿ ಕುಡಿದಳು' ಅನ್ನುತ್ತಾರೆ. ಹುಳಿಗಾರನ ಮಗಳು ಸಿಕ್ಕರೆ ಅಂತಃಪುರದ ಹೆಂಗಸರು ಬಿಡುತ್ತಾರೆಯೇ?

"ಹುಳಿ ರಾಣಿಯೋರೇ, ಈವತ್ತು ಎಷ್ಟು ಜಾಡಿ ಕುಡಿದ್ರಿ?"

"ಒಂದೇ," ಸಾಂಗ್ಯೆ ಹೇಳುತ್ತಿದ್ದಳು. "ನಿಮಗೂ ಉಳಿಸಿದೀನಿ. ನಾಳೆ ನಿಮ್ಮ ಸರದಿ ಬರತ್ತಲ್ಲ."

ಬಾಯಿ ಗಟ್ಟಿಯಾಗಿತ್ತು. ಒಳಗೆ ಮಾತ್ರ... ಒಳಗೆ ಅವಳಿಗೆ ದಿನಕ್ಕೊಮ್ಮೆ ಅವನನ್ನು ಮುಟ್ಟಬೇಕಿತ್ತು. ಮುಟ್ಟಲು ಅವಳ ಬಳಿ ಇದ್ದದ್ದು ಒಂದೇ ಅಕ್ಷರ. ದಿನಾ ಮಧ್ಯಾಹ್ನ ಒಂದು ತುಂಡು ಕಾಗದದ ಮೇಲೆ ಅದನ್ನು ಬರೆದು, ಮಸಿ ಆರುವವರೆಗೂ ನೋಡಿ, ಒಲೆಗೆ ಹಾಕುತ್ತಿದ್ದಳು. ಒಂದು ದಿನ ಅಕ್ಷರ ಎಷ್ಟು ಚೆನ್ನಾಗಿ ಬಂತೆಂದರೆ ಸುಡಲು ಮನಸ್ಸು ಬರಲಿಲ್ಲ. ಮಡಚಿ ದಿಂಬಿನೊಳಗಿನ ಹೊಟ್ಟಿನಲ್ಲಿ ಹುದುಗಿಸಿಟ್ಟಳು.

ಅದೇ ತಪ್ಪಾಯಿತು.

ಆ ವಸಂತದಲ್ಲಿ ಸಾಮ್ರಾಟನಿಗೆ ಜ್ವರ ಹಿಡಿಯಿತು. ಹದಿನೈದು ದಿನವಾದರೂ ಬಿಡಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು ಎದ್ದಿತು. ರಾಣಿ ಪೆಯ್‌ಳ ಆಳುಗಳು ಮನೆಮನೆ ಜಾಲಾಡಿದರು. ಸಾಂಗ್ಯೆಯ ದಿಂಬನ್ನೂ ಹರಿದರು.

ಕಾಗದ ಬಿಚ್ಚಿದ ಗುಮಾಸ್ತ ಒಂದೇ ಒಂದು ಕ್ಷಣ ನೋಡಿದ. ಬಿಲ್ಲು, ಮೂಲೆ, ಕೊನೆಯ ಗೀಟು... ಪೂರ್ತಿ! ಅಯ್ಯೋ, ಪೂರ್ತಿ ಬರೆದಿದ್ದಾಳೆ! ನೋಡಿದ ಕಣ್ಣಿಗೂ ಶಿಕ್ಷೆಯಾಗುವ ಅಕ್ಷರ ಅದು. ಅಂಟು ಬಳಿದು ಅಕ್ಷರದ ಮೇಲೆ ಹಳದಿ ಚೀಟಿ ಒತ್ತಿಬಿಟ್ಟ. ಬರೆಯಬಾರದ ಹೆಸರನ್ನು ಎಲ್ಲಿ ಕಂಡರೂ ಹೀಗೆ ಮುಚ್ಚಬೇಕೆಂಬುದು ನಿಯಮ. ಆಮೇಲೆ ಆ ಚೀಟಿಯನ್ನು ಎತ್ತುವ ಧೈರ್ಯ ನ್ಯಾಯಾಧೀಶರಿಗೂ ಬರಲಿಲ್ಲ, ಮಂತ್ರಿಗೂ ಬರಲಿಲ್ಲ. ಚೀಟಿ ಅಂಟಿಸಿದ ಕಾಗದವೇ ಸಾಕ್ಷಿಯಾಗಿ ಮೇಲಕ್ಕೆ ಹೋಯಿತು.

ಹೆಸರನ್ನು ತಲೆಯ ಕೆಳಗೆ ಅದುಮಿ ಮಲಗಿದರೆ ಆ ಹೆಸರಿನವನು ಹಾಸಿಗೆ ಬಿಟ್ಟು ಏಳುವುದಿಲ್ಲವಂತೆ. ಹಾಗೆ ನಂಬುವವರು ಬಹಳ. ನಂಬಿದರೆ ಲಾಭ ಇದ್ದವರು ಇನ್ನೂ ಬಹಳ.

ವಿಚಾರಣೆಯ ದಿನ ಅವನು ಬಂದ. ಮಣಿಪರದೆಯ ಆಚೆ ಕೂತ. ಜ್ವರ ಇನ್ನೂ ಇಳಿದಿರಲಿಲ್ಲ, ದನಿ ಒಡೆದಿತ್ತು.

"ನನ್ನ ಹೆಸರು ಬರೆದದ್ದು ನೀನೇನಾ?"

"ನಾನೇ."

"ಪೂರ್ತಿಯಾಗಿ?"

"ಅರ್ಧ ಬರೆಯೋಕೆ ನನಗೆ ಯಾರೂ ಕಲಿಸಲಿಲ್ಲ."

ಸುತ್ತ ನಿಂತವರು ಉಸಿರೆಳೆದುಕೊಂಡರು. ಎಂಥ ಸೊಕ್ಕು!

ಸಾಂಗ್ಯೆ ತಲೆಯೆತ್ತಿದಳು. ಪರದೆಯ ಹಿಂದೆ ಅವನ ಮುಖ ಕಾಣಲಿಲ್ಲ. "ನೀವು... ಆ ಕಾಗದ ನೋಡಿದ್ರಾ?"

ಪರದೆಯ ಮಣಿಗಳು ಒಮ್ಮೆ ಅಲುಗಿದವು.

"ನೋಡಿದೆ."

ಅಷ್ಟೇ. ಅವಳೊಳಗೆ ಏನೋ ಟಪ್ಪೆಂದು ಮುರಿಯಿತು.

'ನೋಡಿದಾನೆ. ನಾಲ್ಕು ಹನಿ ನೋಡಿದಾನೆ. ನೋಡಿಯೂ ನೆನಪಾಗಲಿಲ್ಲ ಅವನಿಗೆ...'

ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಆ ಮೌನವನ್ನು ಅವರು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಅವನು ಸಾವು ಕೊಡಲಿಲ್ಲ, ಕೇಸನ್ನೂ ಮುಗಿಸಲಿಲ್ಲ. ಉತ್ತರದ ಮನೆಗೆ ಕಳಿಸಿದ. ಬೇಡವಾದ ರಾಣಿಯರು ಮುದುಕಿಯರಾಗುವ ಜಾಗ ಅದು. ದೌಯಾ ತಾನಾಗಿಯೇ ಗಂಟು ಕಟ್ಟಿಕೊಂಡು ಹಿಂದೆ ಹೊರಟಳು.

"ಒಂದು ಮಾತು ಹೇಳ್ಬಾರ್ದಾ ಅಮ್ಮಾವ್ರೇ? ನಾಲ್ಕು ಹನಿ ಕಥೆ ನಂಗೆ ಹೇಳಿದ್ದನ್ನ ಅವರಿಗೂ ನೆನಪು ಮಾಡ್ಬಾರ್ದಾ?"

"ನೋಡಿದೋನಿಗೆ ಏನ್ ಹೇಳ್ಲಿ?"

ಉತ್ತರದ ಮನೆಯ ಮಾಡು ಸೋರುತ್ತಿತ್ತು. ಪಾಲಿಗೆ ಬರುತ್ತಿದ್ದ ಜೋಳದಲ್ಲಿ ಅರ್ಧ ಹುಳುವೇ. ಮೊದಲ ತಿಂಗಳು ಸಾಂಗ್ಯೆ ಗೋಡೆ ನೋಡುತ್ತಾ ಕೂತಳು. ಎರಡನೆಯ ತಿಂಗಳು ಎದ್ದು, ಮೂಲೆಯಲ್ಲಿ ಬಿದ್ದಿದ್ದ ಬಾಯಿಮುಕ್ಕಾದ ಜಾಡಿಯನ್ನು ತೊಳೆದಳು. ಕೆಟ್ಟ ಜೋಳವನ್ನು ಬೇಯಿಸಿ, ಹೊಟ್ಟು ಬೆರೆಸಿ, ಹುಳಿಗೆ ಇಟ್ಟಳು. ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಮೊದಲ ವರ್ಷ ತುಂಬಿದಾಗ ಜಾಡಿಯ ಮೇಲೆ ಒಂದು ಹನಿ ಬರೆದಳು. ಎರಡನೆಯ ವರ್ಷ ಇನ್ನೊಂದು.

ಮೂರನೆಯ ಹನಿ ಬರೆದ ಎಂಟನೆಯ ದಿನ ರಾಣಿ ಪೆಯ್ ಸ್ವತಃ ಬಂದಳು. ಬಾಗಿಲಲ್ಲಿ ನಿಂತು, ಮೂಗಿಗೆ ತೋಳಂಚು ಅಡ್ಡ ಹಿಡಿದಳು.

"ಇಲ್ಲೂ ಹುಳೀನಾ?"

"ಬೇರೆ ವಿದ್ಯೆ ಬರಲ್ಲ."

"ನನ್ನ ಮಗನ್ನ ಮುಂದಿನ ಸಾಮ್ರಾಟ ಅಂತ ಸಾರ್ತಾರೆ, ಈ ತಿಂಗಳ ಕೊನೇಲಿ. ಅದಕ್ಕೂ ಮುಂಚೆ ಮಾಟದ ಕೇಸು ಯಾವುದೂ ಬಾಕಿ ಇರಬಾರದು ಅಂತ ನಮ್ಮಪ್ಪ ಹಠ ಹಿಡಿದಿದಾರೆ." ಅವಳು ಕಣ್ಣು ತಪ್ಪಿಸಲಿಲ್ಲ. "ನಾಳೆ ತಪ್ಪೊಪ್ಪಿಗೆ ಕಾಗದ ಬರತ್ತೆ. ನೀನು ಗುರುತು ಹಾಕಬೇಕು. ಸಾಮ್ರಾಟರು ಕೆಂಪು ಮಸೀಲಿ ಒಪ್ಪಿಗೆ ಹಾಕ್ತಾರೆ. ಆಮೇಲೆ ಬಿಳಿ ರೇಷ್ಮೆ ಕಳಿಸ್ತಾರೆ."

ದೌಯಾಳ ಕೈಯಿಂದ ಬಟ್ಟಲು ಬಿತ್ತು. ಬಿಳಿ ರೇಷ್ಮೆ ಬಂದರೆ ಅದನ್ನು ತೊಲೆಗೆ ಕಟ್ಟಿ ಕೊರಳು ಕೊಡಬೇಕು. ರಾಣಿಯರ ಪಾಲಿಗೆ ಅದು ಮರ್ಯಾದೆಯ ಸಾವು.

"ಇದನ್ನ ಹೇಳೋಕೆ ನೀವೇ ಬರಬೇಕಿತ್ತಾ?" ಸಾಂಗ್ಯೆ ಕೇಳಿದಳು.

"ಮುಖ ನೋಡದೆ ಕೊಲ್ಲೋದು ನನಗಾಗಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ನನ್ನ ಮಗ ಬದುಕಬೇಕು, ಅಷ್ಟೇ."

"ನಿಮ್ಮ ಮಗ ಬದುಕ್ಲಿ. ನಾನು ಅಡ್ಡ ಬಂದಿದೀನಾ?"

ರಾಣಿ ಪೆಯ್ ತಿರುಗಿ ಹೋದಳು.

ಮರುದಿನ ಬೆಳಿಗ್ಗೆ ಮುದುಕ ಗುವೊ ಬಂದ. ಸಾಮ್ರಾಟ ಚಿಕ್ಕವನಾಗಿದ್ದಾಗಿಂದ ಜೊತೆಯಲ್ಲಿದ್ದ ಅಂತಃಪುರದ ಸೇವಕ. ಕಾಗದ ಹಾಸಿ, ಕುಂಚವನ್ನು ಮಸಿಯಲ್ಲಿ ಅದ್ದಿ ಕೊಟ್ಟ.

"ಇಲ್ಲಿ ಗುರುತು ಹಾಕಿ ತಾಯಿ. ಹೆಸರು ಬರೆಯೋಕೆ ಬರದಿದ್ರೆ ಒಂದು ಸೊನ್ನೆ ಹಾಕಿದ್ರೂ ನಡೆಯತ್ತೆ."

"ಸೊನ್ನೆ ಯಾಕೆ? ನಮ್ಮ ಮನೇದೇ ಒಂದು ಗುರುತಿದೆ."

ಅವಳು ಯೋಚಿಸಲೂ ಇಲ್ಲ. ಅಪ್ಪ ಜಾಡಿಗೆ ಹಾಕುತ್ತಿದ್ದ ಹಾಗೆ, ಕಾಗದದ ಬುಡದಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಹನಿ ಇಟ್ಟಳು. ಕುಂಚ ಕೆಳಗಿಟ್ಟು ಕೈ ತೊಳೆದುಕೊಂಡಳು.

"ದೌಯಾ, ಬಾಚಣಿಗೆ ತಗೊಂಡ್ ಬಾ. ತಲೆ ಕೆದರ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ."

ದೌಯಾ ತಲೆ ಬಾಚುತ್ತಾ ಅತ್ತಳು. "ಅಳಬೇಡ್ವೇ, ಸಿಕ್ಕು ಬಿಡ್ಸೋಕೆ ಕಣ್ಣು ಕಾಣ್ಬೇಕು," ಅಂದಳು ಸಾಂಗ್ಯೆ. ಹೇಳಿದವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಅದೇ ಹೊತ್ತಿಗೆ ಸಾಮ್ರಾಟ ಮೇಜಿನ ಮುಂದೆ ಕೂತಿದ್ದ. ಕೆಂಪು ಮಸಿಯ ಕುಂಚ ಕೈಯಲ್ಲಿತ್ತು. ಒಂದು ಗೀಟು ಎಳೆದರೆ ಮುಗಿಯಿತು. ಸೇನಾಪತಿ ಪೆಯ್ ಹೊರಗೆ ಕಾಯುತ್ತಿದ್ದ. ಅವನ ಎಂಭತ್ತು ಸಾವಿರ ಜನ ಊರ ಹೊರಗೆ ಕಾಯುತ್ತಿದ್ದರು.

"ಇದೇನಿದು?" ಅವನು ಕಾಗದದ ಬುಡ ತೋರಿಸಿದ. "ಮಸಿ ಚೆಲ್ಲಿದ್ಯಾ?"

"ಇಲ್ಲ ಮಹಾಪ್ರಭು," ಗುವೊ ತಲೆ ತಗ್ಗಿಸಿಯೇ ಹೇಳಿದ. "ಅದು ಆ ತಾಯಿ ಹಾಕಿದ ಗುರುತು. ಅವರ ಮನೆ ಗುರುತಂತೆ."

ಒಂದು, ಎರಡು, ಮೂರು... ನಾಲ್ಕು.

ಕಲ್ಲುಚಪ್ಪಡಿ. ಬಿಸಿಲು. ನಾಲಿಗೆ ಕಚ್ಚಿಕೊಂಡು ಬಗ್ಗಿದ ಮುಖ. 'ನಿಮ್ಮನ್ನ ಆಗಿಲ್ಲದ್ದು ಅಂತ ಬರೀಲಾ?'

ಕೆಂಪು ಕುಂಚ ಮೇಜಿನ ಮೇಲೆ ಉರುಳಿತು.

"ಗುವೊ... ದಿಂಬಿನಲ್ಲಿ ಸಿಕ್ಕ ಕಾಗದ ತಗೊಂಡು ಬಾ."

"ಮಹಾಪ್ರಭು, ಅದರ ಮೇಲೆ ಹಳದಿ ಚೀಟಿ ಇದೆ. ಅದನ್ನ ಎತ್ತೋ ಹಾಗಿಲ್ಲ..."

"ಯಾರ ಹೆಸರದು?"

"ತ... ತಮ್ಮದು."

"ನನ್ನ ಹೆಸರು ನಾನು ನೋಡಬಾರದಾ? ತಗೊಂಡ್ ಬಾ!"

ಮೂರು ವರ್ಷದ ಅಂಟು. ಉಗುರಿಗೆ ಬರಲಿಲ್ಲ. ಅವನು ಬಿಸಿ ಚಹಾವನ್ನು ಚೀಟಿಯ ಮೇಲೆ ಸುರಿದ. ಕಾದ. ಅಂಚು ಮೆತ್ತಗಾಗಿ ಎದ್ದಿತು. ಅಕ್ಷರ ನೆನೆದು ಹರಡಿತ್ತು, ಆದರೂ ಎಡಗಡೆಯದು ಎಣಿಸಲು ಬರುತ್ತಿತ್ತು.

ಎಣಿಸಿದ. ಮತ್ತೆ ಎಣಿಸಿದ.

ಸಾಮ್ರಾಟ ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ಗುವೊ ನೋಡಿದ. ನೋಡಲಿಲ್ಲವೆಂಬಂತೆ ಗೋಡೆಯ ಕಡೆ ತಿರುಗಿದ.

ಅಳುವುದಕ್ಕೆ ಹೊತ್ತಿರಲಿಲ್ಲ. ಪೆಯ್ ಮನೆತನದವರು ತಪ್ಪು ಮಾಡಿದರು ಅಂತ ಬಾಯಿಬಿಟ್ಟು ಹೇಳಿದರೆ ಸಂಜೆಯೊಳಗೆ ಸೈನ್ಯ ಊರೊಳಗೆ ಬರುತ್ತಿತ್ತು. ಅವನು ಮೂವರು ಹಿರಿಯ ಲಿಪಿಕಾರರನ್ನು ಕರೆಸಿದ. ಸೇನಾಪತಿಯನ್ನೂ ಒಳಗೆ ಕರೆದು ಕೂರಿಸಿದ. ರಾಣಿ ಪೆಯ್ ಪರದೆಯ ಹಿಂದೆ ಬಂದು ಕೂತಳು.

"ಇದನ್ನ ಓದಿ."

ಮೂವರೂ ನೆಲಕ್ಕೆ ಬಿದ್ದರು. "ಮಹಾಪ್ರಭು! ಆ ಹೆಸರು ನಮ್ಮ ಬಾಯಲ್ಲಿ ಬರೋ ಹಾಗಿಲ್ಲ!"

"ಹೇಳಬೇಡಿ. ನೋಡಿ. ಇದು ಯಾವ ಅಕ್ಷರ?"

ಎಲ್ಲರಿಗಿಂತ ಹಿರಿಯವನು ಕಾಗದವನ್ನು ಮೂಗಿನ ಹತ್ತಿರ ಹಿಡಿದ. ದೂರ ಹಿಡಿದ. ಪಕ್ಕದವನಿಗೆ ಕೊಟ್ಟ. ಅವನು ಮೂರನೆಯವನಿಗೆ ಕೊಟ್ಟ.

"ಏನ್ರಯ್ಯಾ, ಮೂರು ಜನಕ್ಕೂ ಕಣ್ಣು ಮಂಜಾ?"

"ಇಲ್ಲ ಮಹಾಪ್ರಭು... ಎಡಗಡೆ ನಾಲ್ಕು ಹನಿ ಇದೆ." ಹಿರಿಯವನು ಬೆವರು ಒರೆಸಿಕೊಂಡ. "ಇಂಥ ಅಕ್ಷರ ಯಾವ ಕೋಶದಲ್ಲೂ ಇಲ್ಲ. ಇದು... ಇದು ಅಕ್ಷರವೇ ಅಲ್ಲ."

"ನನ್ನ ಹೆಸರಲ್ಲ?"

"ಯಾರ ಹೆಸರೂ ಅಲ್ಲ, ಮಹಾಪ್ರಭು."

ಸೇನಾಪತಿಯ ಮುಖ ಕಪ್ಪಾಯಿತು. ಅವನು ಬಾಯಿ ತೆರೆಯುವ ಮುಂಚೆ ಪರದೆಯ ಹಿಂದಿನಿಂದ ಮಗಳ ದನಿ ಬಂತು.

"ಅಕ್ಷರವೇ ಅಲ್ಲದ್ದು ಮಾಟ ಹೇಗಾಗತ್ತೆ ಅಪ್ಪಾ? ಗುಮಾಸ್ತ ಹೆದರಿ ಎಡವಟ್ಟು ಮಾಡಿದಾನೆ. ಕೇಸೇ ಇಲ್ಲ ಅಂದ್ಮೇಲೆ ನನ್ನ ಮಗನಿಗೆ ಅಡ್ಡಿ ಏನು?" ಸ್ವಲ್ಪ ತಡೆದು, ಮೆಲ್ಲಗೆ, "ಮನೆಗೆ ಹೋಗೋಣ ಬನ್ನಿ," ಅಂದಳು.

ಬಾಗಿಲು ದಾಟುವ ಮುಂಚೆ ಅವಳೊಮ್ಮೆ ಸಾಮ್ರಾಟನ ಕಡೆ ನೋಡಿದಳು. ಇಂಥದೊಂದು ಅಕ್ಷರವನ್ನು ತನಗೆ ಯಾರೂ ಕಲಿಸಿರಲಿಲ್ಲ ಎಂದು ಅವಳಿಗೆ ಆಗ ಅನ್ನಿಸಿತೋ ಏನೋ. ಅವಳು ಯಾರಿಗೂ ಹೇಳಲಿಲ್ಲ.

ಸೂರ್ಯ ನೆತ್ತಿಗೆ ಬಂದಿದ್ದ. ಉತ್ತರದ ಮನೆಯ ಅಂಗಳದಲ್ಲಿ ಹೆಜ್ಜೆ ಸದ್ದಾಯಿತು.

"ಬಂದ್ರು," ದೌಯಾ ಅವಳ ಕೈ ಹಿಡಿದುಕೊಂಡಳು.

ಸಾಂಗ್ಯೆ ಎದ್ದು ನಿಂತಳು. ಬಾಗಿಲಲ್ಲಿ ನಿಂತವನ ಕೈ ನೋಡಿದಳು. ಬಿಳಿ ರೇಷ್ಮೆ ಇರಲಿಲ್ಲ. ಅವನ ಬೆರಳುಗಳಿಗೆ ಮಸಿ, ಚಹಾ, ಅಂಟು ಮೆತ್ತಿತ್ತು. ಆಮೇಲೆ ಮುಖ ನೋಡಿದಳು.

ಮೂರು ವರ್ಷದಲ್ಲಿ ಅವನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

ದೌಯಾ ಸದ್ದಿಲ್ಲದೆ ಹೊರಗೆ ಹೋದಳು.

"ರೇಷ್ಮೆ ಎಲ್ಲಿ?" ಸಾಂಗ್ಯೆ ಕೇಳಿದಳು.

"ಬರಲ್ಲ. ಕೇಸು ಮುಗೀತು. ನೀನು ಬರೆದದ್ದು ನನ್ನ ಹೆಸರಲ್ಲ ಅಂತ ತೀರ್ಪಾಯ್ತು."

"ನನಗದು ಮೊದಲೇ ಗೊತ್ತಿತ್ತು. ನಿಮಗೂ ಗೊತ್ತಿರತ್ತೆ ಅಂದ್ಕೊಂಡಿದ್ದೆ." ಅವಳ ದನಿ ಏರಿತು. "ನೋಡಿದೆ ಅಂದ್ರಿ! ನಾನು ಕೇಳಿದ್ದಕ್ಕೆ ನೋಡಿದೆ ಅಂದ್ರಿ!"

"ಸುಳ್ಳು ಹೇಳಿದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಚೀಟಿ ನೋಡಿದ್ದೆ. ಅಡೀಲಿರೋದನ್ನ ನೋಡಿರಲಿಲ್ಲ." ಅವನು ಹೊಸಿಲು ದಾಟಲಿಲ್ಲ. "ಹೆದರಿದೆ ಸಾಂಗ್ಯೆ. ನನ್ನ ಸಾವು ನಿನ್ನ ಕೈಬರಹದಲ್ಲಿದೆ ಅಂತ ಎಲ್ಲಾರೂ ಹೇಳಿದ್ರು. ಚೀಟಿ ಎತ್ತಿದ್ರೆ ಅದನ್ನ ಕಣ್ಣಾರೆ ನೋಡಬೇಕಾಗ್ತಿತ್ತು. ಬೆರಳಗಲದ ಕಾಗದ... ಅದನ್ನ ಎತ್ತೋಕೆ ನನ್ನ ಕೈ ಬರಲಿಲ್ಲ."

"ಬೆರಳಗಲದ ಕಾಗದಕ್ಕೆ ನನ್ನ ಮೂರು ವರ್ಷ."

"ಹೌದು."

"ಈ ಮಾಡು ಸೋರತ್ತೆ, ಗೊತ್ತಾ? ಚಳೀಲಿ ದೌಯಾ ಕಾಲ್ಬೆರಳು ಎರಡು ಕಪ್ಪಾಗಿ ಬಿದ್ದೋದ್ವು."

"ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳಲಿಲ್ಲ." ಅವನು ತಲೆ ತಗ್ಗಿಸಿದ. "ಕ್ಷಮಿಸು ಅಂತ ಕೇಳಲ್ಲ. ಒಂದೇ ಮಾತು ಹೇಳ್ತೀನಿ, ಆಮೇಲೆ ಹೋಗು ಅಂದ್ರೆ ಹೋಗ್ತೀನಿ. ಈ ದೇಶದಲ್ಲಿ ಎಲ್ಲಾರೂ ನನ್ನ ಹೆಸರನ್ನ ಒಂದು ಗೀಟು ಕಮ್ಮಿ ಬರೀತಾರೆ. ಒಂದು ಹನಿ ಜಾಸ್ತಿ ಬರೆದೋಳು ನೀನೊಬ್ಬಳೇ. ನಿನ್ನ ಬಿಟ್ರೆ... ನಾನು ಅಂತ ಯಾರೂ ಇಲ್ಲ ಈ ಅರಮನೇಲಿ. ನೀನು ನನಗೆ ಬೇಕು."

ಸಾಂಗ್ಯೆ ಅತ್ತಳು. ಸುಂದರವಾಗಿ ಅಲ್ಲ, ಮೂಗು ಸೋರಿಸಿಕೊಂಡು, ಬಿಕ್ಕಳಿಸಿ, ಮೂರು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತಳು. ಅವನು ಹೊಸಿಲಾಚೆಯೇ ನಿಂತಿದ್ದ. ಕರೆಯದೆ ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. ಅದನ್ನು ಕಂಡು ಅವಳ ಸಿಟ್ಟು ಎಲ್ಲೋ ಒಂದು ಕಡೆ ಸಡಿಲವಾಯಿತು.

"ಅಂತಃಪುರಕ್ಕೆ ನಾನು ಬರಲ್ಲ."

"ಎಲ್ಲಿಗೆ ಬರ್ತೀಯ?"

"ಹಳೇ ಮನೆಗೆ. ಆ ಹಿತ್ತಿಲಿಗೆ. ದೌಯಾನೂ ಬರ್ತಾಳೆ, ಈ ಜಾಡೀನೂ ಬರತ್ತೆ. ಅವಳಿಗೆ ಅವಳಪ್ಪ ಇಟ್ಟ ಹೆಸರು ವಾಪಸ್ ಕೊಡಿ. ನನ್ನ ಹಿತ್ತಿಲಲ್ಲಿ ನಾನು ಅದೇ ಹೆಸರು ಹಿಡಿದು ಕರೀತೀನಿ."

"ಕೊಟ್ಟೆ."

"ಒಳಗೆ ಬನ್ನಿ. ಬಾಗಿಲಲ್ಲಿ ನಿಂತ್ರೆ ಬೆಳಕು ಅಡ್ಡ ಆಗತ್ತೆ."

ಅವನು ಬಂದ. ಮೂಲೆಯಲ್ಲಿದ್ದ ಜಾಡಿಯ ಮುಂದೆ ಕೂತ. ಮೇಲಿದ್ದ ಗುರುತುಗಳನ್ನು ಬೆರಳಿಂದ ಸವರಿದ. ಮುಚ್ಚಳದ ಕಡೆಗೆ ಕೈ ಚಾಚಿದ.

ಜಾಡಿಯ ಪಕ್ಕದಲ್ಲಿದ್ದ ಸೌಟು ಅವಳ ಕೈಯಲ್ಲಿ ಮೇಲೆದ್ದಿತು. ಆದರೆ ಹೊಡೆಯಲಿಲ್ಲ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಹಿಡಿದದ್ದನ್ನು ಬಿಡಲಿಲ್ಲ.

"ಮೂರೇ ಹನಿ ಇರೋದು, ಕಾಣಲ್ವಾ?"

"ಹಾಗಾದ್ರೆ ಈಗ ಒಳಗಿರೋದು?"

"ಬರೀ ಸಿಟ್ಟು."

"ಇನ್ನೊಂದು ವರ್ಷ ಕಾಯ್ಲಾ?"

"ಕಾಯಿ." ಅವನು ಯಾರೆಂದು ತಿಳಿದ ಮೇಲೆ ಅವಳ ಬಾಯಲ್ಲಿ ಏಕವಚನ ಬಂದದ್ದು ಅದೇ ಮೊದಲು. "ಆದ್ರೆ ಸುಮ್ನೆ ಕೂತು ಕಾಯೋದಲ್ಲ. ದಿನಾ ಬಂದು ಜಾಡಿ ಬಿಸಿಲಿಗೆ ತಿರುಗಿಸ್ಬೇಕು. ಒಬ್ಬಳ ಕೈಲಾಗಲ್ಲ."

"ಬರ್ತೀನಿ."

"ಹುಳಿರಾಯ..."

ಅವನ ಕಣ್ಣು ತುಂಬಿತು. "ಹ್ಞೂಂ?"

"ಕೈ ತೊಳ್ಕೊಂಡು ಬಾ."